ಗೇಟಿನ ಒಳಗೆ ಮನೆ ಶುರುವಾಗುವುದು ಎಲ್ಲಿಂದ? ವಿಮಾ ಕಂಪನಿಗೊಂದು ಬಹಿರಂಗ ಪತ್ರ

ಇವರಿಗೆ,
ಕ್ಲೇಮ್ ವಿಭಾಗದ ಮುಖ್ಯಸ್ಥರು,
ನಮ್ಮ ಮನೆಗೆ ವಿಮೆ ಮಾಡಿರುವ ಕಂಪನಿ.

ವಿಷಯ: ಕಳುವಾದ ಸೈಕಲ್ಲಿನ ಕ್ಲೇಮ್ ತಿರಸ್ಕರಿಸಿರುವ ಬಗ್ಗೆ.

ಮಾನ್ಯರೇ,

ನಿಮ್ಮ ಕಂಪನಿಯ ಹೆಸರನ್ನು ಈ ಪತ್ರದಲ್ಲಿ ಎಲ್ಲೂ ಬರೆದಿಲ್ಲ. ಪಾಲಿಸಿ ನಂಬರ್, ಕ್ಲೇಮ್ ನಂಬರ್ ಎಲ್ಲ ಹಾಕಿದ ದೂರು ನಿಮ್ಮ ಕಚೇರಿಗೆ ಬೇರೆಯಾಗಿ ತಲುಪಿದೆ. ಅದಕ್ಕೆ ಸರಿಯಾದ ಉತ್ತರ ಇನ್ನೂ ಬಂದಿಲ್ಲ. ಬಹಿರಂಗವಾಗಿ ಬರೆಯುವುದಕ್ಕೆ ಇನ್ನೊಂದು ಕಾರಣವೂ ಇದೆ. ನಮ್ಮ ಬೀದಿಯಲ್ಲೇ ಗೃಹ ವಿಮೆ ಮಾಡಿಸಿದ ಮನೆಗಳು ಸುಮಾರಿವೆ. ಹೆಚ್ಚಿನವರು ಬ್ಯಾಂಕಿನಲ್ಲಿ ಮನೆ ಸಾಲ ಮಾಡುವಾಗ ಜೊತೆಗೆ ತೆಗೆದುಕೊಂಡವರು. ಪಾಲಿಸಿ ಸಾಲದ ಫೈಲಿನಲ್ಲೇ ಉಳಿದಿರುತ್ತದೆ, ಯಾರೂ ಬಿಚ್ಚಿ ನೋಡಿರುವುದಿಲ್ಲ. ಈ ಪತ್ರ ಅವರೂ ಓದಲಿ ಅಂತ.

ನಡೆದದ್ದು ಇಷ್ಟು. ನಮ್ಮದು ಮೈಸೂರಿನ ಕುವೆಂಪುನಗರದಲ್ಲಿ 30-40 ಸೈಟಿನ ಮನೆ. ಮುಂದೆ ಕಾಂಪೌಂಡು, ಗೇಟು. ಗೇಟು ದಾಟಿದರೆ ಪೋರ್ಟಿಕೊ, ಅದರ ಪಕ್ಕದಲ್ಲೇ ಮಹಡಿ ಮೆಟ್ಟಿಲು. ಮೆಟ್ಟಿಲ ಕೆಳಗೆ ಮಗನ ಸೈಕಲ್ ನಿಲ್ಲುತ್ತಿತ್ತು. ಗೇರ್ ಸೈಕಲ್, 28,500 ರೂಪಾಯಿ ಕೊಟ್ಟು ತೆಗೆದುಕೊಂಡದ್ದು. ಅಲ್ಲೇ ಇರುವ ಕಿಟಕಿಯ ಸರಳಿಗೆ ಕೇಬಲ್ ಲಾಕ್ ಹಾಕಿ ಕಟ್ಟುತ್ತಿದ್ದೆವು. ರಾತ್ರಿ ಗೇಟಿಗೆ ಒಳಗಡೆಯಿಂದ ಚಿಲಕ, ಚಿಲಕಕ್ಕೆ ಬೀಗ. ಮಳೆ ಜೋರಾಗಿದ್ದ ಒಂದು ರಾತ್ರಿ ಯಾರೋ ಕಾಂಪೌಂಡು ಹತ್ತಿ ಇಳಿದು, ಕೇಬಲ್ ಕತ್ತರಿಸಿ, ಸೈಕಲನ್ನು ಕಾಂಪೌಂಡಿನ ಮೇಲಿಂದಲೇ ಆಚೆ ಇಳಿಸಿಕೊಂಡು ಹೋದರು. ಎದುರು ಮನೆಯವರ ಸಿಸಿಟಿವಿಯಲ್ಲಿ ಇಬ್ಬರು ಕಾಣುತ್ತಾರೆ. ಮುಖ ಗೊತ್ತಾಗುವುದಿಲ್ಲ. ಸೈಕಲ್ ಮಾತ್ರ ಚೆನ್ನಾಗಿ ಕಾಣುತ್ತದೆ.

ಬೆಳಗ್ಗೆ ಎದ್ದು ನೋಡಿದ ಕೂಡಲೇ ನಿಮ್ಮ ಕಾಲ್ ಸೆಂಟರ್‌ಗೆ ಫೋನ್ ಮಾಡಿದೆವು, ಕ್ಲೇಮ್ ನಂಬರ್ ಬಂತು. ಪೊಲೀಸ್ ಠಾಣೆಗೂ ಹೋದೆವು. ಠಾಣೆಯಲ್ಲಿ ಕೂತಿದ್ದವರು ಒಳ್ಳೆಯವರೇ. ಆದರೆ, "ಸೈಕಲ್ ತಾನೇ? ಇ-ಲಾಸ್ಟ್ ರಿಪೋರ್ಟ್ ಹಾಕಿಬಿಡಿ, ಇನ್ಶೂರೆನ್ಸ್‌ಗೆ ಅಷ್ಟು ಸಾಕು" ಅಂದರು. ಮೊಬೈಲಿನಲ್ಲೇ ಹಾಕಿ ನಿಮಗೆ ಕಳಿಸಿದೆವು. ನೀವು ಅದು ನಡೆಯುವುದಿಲ್ಲ, ಎಫ್‌ಐಆರ್ ಬೇಕು ಅಂದಿರಿ. ಈ ಮಾತನ್ನು ನಾನು ಒಪ್ಪುತ್ತೇನೆ. ಇ-ಲಾಸ್ಟ್ ಇರುವುದು ಕಳೆದುಹೋದ ವಸ್ತುವಿಗೆ. ಬಸ್ಸಿನಲ್ಲಿ ಬಿಟ್ಟ ಮಾರ್ಕ್ಸ್ ಕಾರ್ಡಿಗೆ, ಎಲ್ಲೋ ಬಿದ್ದ ಪರ್ಸಿಗೆ. ಬೀಗ ಕತ್ತರಿಸಿ ಹೊತ್ತುಕೊಂಡು ಹೋದ ಸೈಕಲ್ಲಿಗೆ ಅಲ್ಲ.

ಇಲ್ಲಿ ಓದುಗರಿಗೆ ಒಂದು ಮಾತು. 5,000 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ಬೆಲೆಯ ವಸ್ತು ಕಳುವಾದ ದೂರು ಕೊಟ್ಟರೆ ಠಾಣೆಯವರು ಅದನ್ನು ದಾಖಲಿಸಬೇಕು, ಎಫ್‌ಐಆರ್ ಪ್ರತಿಯನ್ನು ದೂರುದಾರರಿಗೆ ಉಚಿತವಾಗಿ ಕೊಡಬೇಕು. 2024ರ ಜುಲೈ 1ರಿಂದ ಜಾರಿಗೆ ಬಂದಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮಿನಲ್ಲಿ ಇದು ಸ್ಪಷ್ಟವಾಗಿದೆ. ಆನ್‌ಲೈನಿನಲ್ಲಿ ದೂರು ಕಳಿಸಿ ಮೂರು ದಿನದೊಳಗೆ ಹೋಗಿ ಸಹಿ ಹಾಕುವ ಅವಕಾಶವೂ ಅದರಲ್ಲೇ ಇದೆ. ಠಾಣೆಯಲ್ಲಿ ಈ ಕಲಮನ್ನು ಹೇಳಿದ ಮೇಲೆ ಯಾರೂ ವಾದ ಮಾಡಲಿಲ್ಲ. ಭಾರತೀಯ ನ್ಯಾಯ ಸಂಹಿತೆಯ 303(2)ನೇ ಕಲಮಿನ ಅಡಿ ಕಳ್ಳತನದ ಕೇಸು ದಾಖಲಾಯಿತು. ಫ್ರೇಮ್ ನಂಬರ್ ಕೇಳಿದರು. ಅದು ಪೆಡಲ್ ಕೂರುವ ಜಾಗದ ಅಡಿಯಲ್ಲಿ ಕೊರೆದಿರುತ್ತದೆ. ಅಂಗಡಿಯವರು ಬಿಲ್ಲಿನಲ್ಲೂ ಬರೆದಿದ್ದರಿಂದ ಕೊಡುವುದಕ್ಕೆ ಆಯಿತು. ನಿಮ್ಮ ಮನೆಯ ಸೈಕಲ್ಲಿಗೆ ಇನ್ನೂ ಬರೆದಿಟ್ಟುಕೊಂಡಿಲ್ಲ ಅಂದರೆ ಇವತ್ತೇ ಒಂದು ಫೋಟೊ ತೆಗೆದಿಟ್ಟುಕೊಳ್ಳಿ.

ಎಫ್‌ಐಆರ್ ನಿಮ್ಮ ಕೈ ಸೇರಿದ ಮೇಲೆ ಎಫ್‌ಐಆರ್ ಮಾತು ನಿಂತಿತು, ನಷ್ಟ ಪರಿಶೀಲಿಸುವ ಸರ್ವೇಯರ್ ಬಂದರು. ಅವರ ನಡವಳಿಕೆಯ ಬಗ್ಗೆ ನನ್ನದೇನೂ ದೂರಿಲ್ಲ. ಗೇಟಿನ ಮುಂದೆ ಕುಕ್ಕರಗಾಲಲ್ಲಿ ಕೂತು ಚಿಲಕದ ಫೋಟೊ ತೆಗೆದರು. ಹೆಬ್ಬೆರಳಿನಲ್ಲಿ ತುಕ್ಕು ಉಜ್ಜಿ ನೋಡಿದರು. "ಇಲ್ಲಿ ಏನೂ ಬೆಂಡ್ ಆಗಿಲ್ವಲ್ಲ ಮೇಡಂ" ಅಂದರು. ಕಾಂಪೌಂಡಿನ ಮೇಲೆ ಪಾಚಿ ಕಿತ್ತುಬಂದು ಬೂಟಿನ ಗುರುತು ಬಿದ್ದಿದ್ದ ಜಾಗ ತೋರಿಸಿದೆ. ಕತ್ತರಿಸಿದ ಕೇಬಲನ್ನೂ ಕೈಗೆ ಕೊಟ್ಟೆ. ಹಸಿರು ಪ್ಲಾಸ್ಟಿಕ್ ಸೀಳಿ, ಒಳಗಿನ ಉಕ್ಕಿನ ಎಳೆಗಳು ಪೊರಕೆ ಕಡ್ಡಿಯ ಹಾಗೆ ಕೆದರಿಕೊಂಡಿದ್ದವು. ಅದರ ಫೋಟೊವನ್ನೂ ತೆಗೆದುಕೊಂಡರು. ಆಮೇಲೆ ನಿಮ್ಮಿಂದ ಇಂಗ್ಲಿಷಿನಲ್ಲಿ ಎರಡು ಸಾಲಿನ ಪತ್ರ ಬಂತು: ಬಲವಂತವಾಗಿ ಒಳನುಗ್ಗಿದ ಗುರುತುಗಳಿಲ್ಲ, ಆದ್ದರಿಂದ ಕ್ಲೇಮ್ ಕೊಡಲಾಗದು. ಕೇಬಲ್ಲಿನ ಬಗ್ಗೆ ಒಂದಕ್ಷರ ಇಲ್ಲ. ಕಾಂಪೌಂಡಿನ ಬಗ್ಗೆಯೂ ಇಲ್ಲ.

ಫೋನಿನಲ್ಲಿ ವಿಚಾರಿಸಿದಾಗ ನಿಮ್ಮ ಸಿಬ್ಬಂದಿ ಬಿಡಿಸಿ ಹೇಳಿದರು. ಮುಂಬಾಗಿಲು ಒಡೆದಿಲ್ಲ, ಕಿಟಕಿ ಮುರಿದಿಲ್ಲ, ಹಾಗಾಗಿ ಕಳ್ಳ ಮನೆಯ ಒಳಗೆ ಬಂದೇ ಇಲ್ಲ. ಮೆಟ್ಟಿಲ ಕೆಳಗಿನ ಜಾಗ ಮನೆಯ ಹೊರಗೆ. ಕೇಬಲ್ ಕತ್ತರಿಸಿದ್ದು ವಸ್ತುವಿನ ಮೇಲೆ ಮಾಡಿದ ಬಲಪ್ರಯೋಗ, ಮನೆಯ ಮೇಲೆ ಮಾಡಿದ್ದಲ್ಲ. ಅವರ ಮಾತಿನ ಸಾರ ಇದು.

ಹಾಗಾದರೆ ಮನೆ ಅನ್ನುವುದು ಎಲ್ಲಿಂದ ಶುರು? ಇದನ್ನು ನಿಮ್ಮ ಪಾಲಿಸಿಯನ್ನೇ ಕೇಳಬಹುದು. ನನ್ನ ಹತ್ತಿರ ಇರುವುದು ಭಾರತ್ ಗೃಹ ರಕ್ಷಾ. 2021ರ ಏಪ್ರಿಲ್ 1ರಿಂದ ಬೆಂಕಿ ವಿಮೆಯ ವ್ಯವಹಾರ ಇರುವ ಎಲ್ಲ ಕಂಪನಿಗಳೂ ಒಂದೇ ರೂಪದಲ್ಲಿ ಇದನ್ನು ಕೊಡಬೇಕು ಅಂತ ವಿಮಾ ನಿಯಂತ್ರಣ ಪ್ರಾಧಿಕಾರ, ಅಂದರೆ ಐಆರ್‌ಡಿಎಐ, ನಿಯಮ ಮಾಡಿತ್ತು. ಅದರಲ್ಲಿ ಮನೆಯ ಕಟ್ಟಡ ಅಂದರೆ ಏನೇನು ಅನ್ನುವ ಪಟ್ಟಿ ಇದೆ. ನಾಲ್ಕು ಗೋಡೆ, ಸೂರು ಅಷ್ಟೇ ಅಲ್ಲ. ಗ್ಯಾರೇಜು, ವಾಹನ ನಿಲ್ಲಿಸುವ ಜಾಗ, ಕಾಂಪೌಂಡು ಗೋಡೆ, ಬೇಲಿ, ಗೇಟು, ವರಾಂಡ, ಪೋರ್ಟಿಕೊ, ನೀರಿನ ಟ್ಯಾಂಕು, ಸೆಪ್ಟಿಕ್ ಟ್ಯಾಂಕು, ಸೋಲಾರ್ ಪ್ಯಾನೆಲ್ಲು ಎಲ್ಲವೂ ಬರುತ್ತವೆ. ಓದಿದಾಗ ಖುಷಿಯೇ ಆಯಿತು, ಸುಳ್ಳು ಹೇಳುವುದಿಲ್ಲ.

ಅಂದರೆ ಬಿರುಗಾಳಿಗೆ ಮರ ಬಿದ್ದು ನಮ್ಮ ಗೇಟು ಜಖಂ ಆದರೆ ಅದು ಮನೆ. ಪೋರ್ಟಿಕೊದ ಸೂರು ಕುಸಿದರೆ ಅದೂ ಮನೆ. ಅದೇ ಗೇಟಿನ ಒಳಗೆ, ಅದೇ ಪೋರ್ಟಿಕೊ ಪಕ್ಕ, ಸೂರಿನ ಕೆಳಗೆ ಕಟ್ಟಿಹಾಕಿದ್ದ ಸೈಕಲ್ ಹೋದರೆ ಅದು ಬೀದಿ! ಪ್ರೀಮಿಯಂ ಲೆಕ್ಕ ಹಾಕುವಾಗ ಗೇಟಿನವರೆಗೂ ಇದ್ದ ಮನೆ ಕ್ಲೇಮ್ ಕೊಡುವಾಗ ಮುಂಬಾಗಿಲಿಗೆ ಬಂದು ನಿಂತಿತು. ಬರ್ಗ್ಲರಿ, ಅಂದರೆ ನುಗ್ಗಿ ಮಾಡುವ ಕಳ್ಳತನದ ರಕ್ಷಣೆ ಬೇರೆ, ಅದರ ಷರತ್ತು ಬೇರೆ ಅಂತ ನೀವು ಹೇಳಬಹುದು. ಹೌದು, ಬೇರೆಯೇ. ಹಾಗಿದ್ದರೆ ಆ ಷರತ್ತಿನಲ್ಲಿ ಮನೆಯ ಗಡಿ ಇಲ್ಲಿಂದ ಇಲ್ಲಿಗೆ ಅಂತ ಬರೆದಿರುವ ಸಾಲು ಯಾವುದು? ಅದರ ನಂಬರ್ ಕೊಡಿ ಅಂತ ಕೇಳಿದ್ದೇನೆ. ಇನ್ನೂ ಕೊಟ್ಟಿಲ್ಲ.

ಬರ್ಗ್ಲರಿ ರಕ್ಷಣೆ ನಾವು ತೆಗೆದುಕೊಂಡದ್ದು ಯಾಕೆ ಅಂತಲೂ ಹೇಳಬೇಕು. ಗೃಹ ರಕ್ಷಾದ ಮೂಲ ಪಾಲಿಸಿಯಲ್ಲಿ ಕಳ್ಳತನಕ್ಕೆ ಪರಿಹಾರ ಇದೆ, ಆದರೆ ಬೆಂಕಿ, ಪ್ರವಾಹ, ಭೂಕಂಪ, ಗಲಭೆಯಂಥ ಘಟನೆ ನಡೆದು, ಅದರಿಂದಾಗಿ 7 ದಿನದೊಳಗೆ ಕಳ್ಳತನ ಆದರೆ ಮಾತ್ರ. ಪ್ರವಾಹ ಬಂದು ಮನೆ ಬಿಟ್ಟು ಹೋದಾಗ ಯಾರೋ ನುಗ್ಗಿ ಟಿವಿ ಎತ್ತಿಕೊಂಡು ಹೋದರೆ ಸಿಗುತ್ತದೆ. ಸುಮ್ನೆ ಒಂದು ರಾತ್ರಿ ಕಳ್ಳ ಬಂದರೆ ಇಲ್ಲ. ಇದು ಎಷ್ಟು ಜನಕ್ಕೆ ಗೊತ್ತು? ನಮಗೆ ಗೊತ್ತಿತ್ತು. ಅದಕ್ಕೇ ಜಾಸ್ತಿ ದುಡ್ಡು ಕೊಟ್ಟು ಬರ್ಗ್ಲರಿ ಸೇರಿಸಿದೆವು. ಮಾರಿದವರು ಮನೆಗೆ ಬಂದು ಇದೇ ಪೋರ್ಟಿಕೊದಲ್ಲಿ ಕುರ್ಚಿ ಹಾಕಿಕೊಂಡು ಕೂತು, ಕಾಫಿ ಕುಡಿಯುತ್ತಾ, "ಇನ್ನು ಕಳ್ಳತನದ ಚಿಂತೆ ಬಿಡಿ" ಅಂದರು. ಸೈಕಲ್ ಅವರ ಬೆನ್ನ ಹಿಂದೆಯೇ ನಿಂತಿತ್ತು. ಬಾಗಿಲು ಒಡೆದಿದ್ದರೆ ಮಾತ್ರ ಅಂತ ಅವರು ಹೇಳಲಿಲ್ಲ.

ಕಾನೂನು ನಿಮ್ಮ ಕಡೆಗಿದೆ ಅಂತ ನಿಮ್ಮ ಸಿಬ್ಬಂದಿ ಹೇಳಿದರು. ಅರ್ಧ ನಿಜ. 2004ರಲ್ಲಿ ಯುನೈಟೆಡ್ ಇಂಡಿಯಾ ಇನ್ಶೂರೆನ್ಸ್ ಮತ್ತು ಹರ್ಚಂದ್ ರಾಯ್ ಚಂದನ್ ಲಾಲ್ ನಡುವಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಪಾಲಿಸಿಯಲ್ಲಿ ಬಲಪ್ರಯೋಗದ ಷರತ್ತು ಇದ್ದರೆ ಅದನ್ನು ಹಾಗೆಯೇ ಓದಬೇಕು, ಬಲಪ್ರಯೋಗ ಇಲ್ಲದ ಕಳ್ಳತನಕ್ಕೆ ಪರಿಹಾರ ಇಲ್ಲ ಅಂತ ತೀರ್ಪು ಕೊಟ್ಟಿತು. ಆದರೆ ಅದೇ ತೀರ್ಪಿನ ಕೊನೆಯಲ್ಲಿ ನ್ಯಾಯಾಲಯ ಇನ್ನೊಂದು ಮಾತನ್ನೂ ಹೇಳಿದೆ. ಜನಸಾಮಾನ್ಯರು ಕಳ್ಳತನಕ್ಕೆ ಅಂತಲೇ ಇಂಥ ಪಾಲಿಸಿ ತೆಗೆದುಕೊಳ್ಳುತ್ತಾರೆ, ಅದಕ್ಕೂ ಮೊದಲು ಬಲಪ್ರಯೋಗ ನಡೆದಿರಬೇಕು ಅನ್ನುವುದು ಅವರಿಗೆ ಅರ್ಥವಾಗುವುದು ಕಷ್ಟ, ಆದ್ದರಿಂದ ಕಂಪನಿಗಳು ಈ ಷರತ್ತನ್ನು ತಿದ್ದಿ ಜನಜೀವನಕ್ಕೆ ಹತ್ತಿರ ಆಗುವಂತೆ ಮಾಡಬೇಕು ಅನ್ನುವುದು ಅದರ ಆಶಯ. ತೀರ್ಪಿನ ಮೊದಲ ಭಾಗವನ್ನು ನೀವು ಅಷ್ಟು ವರ್ಷಗಳಿಂದ ಬಾಯಿಪಾಠ ಮಾಡಿಕೊಂಡು ಬಂದಿದ್ದೀರಿ. ಕೊನೆಯ ಪ್ಯಾರಾ ಯಾರೂ ಓದಿದ ಹಾಗೆ ಕಾಣುವುದಿಲ್ಲ.

ಇನ್ನು ನಮ್ಮ ಸೈಕಲ್ಲಿನ ವಿಷಯದಲ್ಲಿ ಬಲಪ್ರಯೋಗ ಇಲ್ಲ ಅನ್ನುವುದೇ ಸರಿಯಲ್ಲ. ಬೀಗ ಹಾಕಿದ ಗೇಟಿದ್ದ ಕಾಂಪೌಂಡು ಹಾರಿದ್ದಾರೆ. ಉಕ್ಕಿನ ಕೇಬಲ್ ಕತ್ತರಿಸಿದ್ದಾರೆ. ಆ ಕೇಬಲ್ ಸೈಕಲನ್ನು ಬರೀ ಸೈಕಲ್ಲಿಗೆ ಕಟ್ಟಿರಲಿಲ್ಲ, ಮನೆಯ ಕಿಟಕಿ ಸರಳಿಗೆ ಕಟ್ಟಿತ್ತು. ಕಿಟಕಿ ಮನೆಯದ್ದೇ ಅಲ್ವಾ?

ಈ ಪ್ರಶ್ನೆ ಬರೆದು ಕಳಿಸಿದ ಮೇಲೆ ಮೂರನೇ ಕಾರಣ ಬಂತು. ಪಾಲಿಸಿ ಮಾಡಿಸುವಾಗ ಸೈಕಲನ್ನು ಪಟ್ಟಿಯಲ್ಲಿ ತೋರಿಸಿಲ್ಲವಂತೆ. ನನಗೆ ಬೇಜಾರಾಗಿದ್ದು ಇಲ್ಲಿ. ಮೊದಲು ಎಫ್‌ಐಆರ್ ಇಲ್ಲ, ಆಮೇಲೆ ಬಾಗಿಲು ಒಡೆದಿಲ್ಲ, ಈಗ ಪಟ್ಟಿಯಲ್ಲಿಲ್ಲ. ಒಂದು ಕಾರಣಕ್ಕೆ ಉತ್ತರ ಕೊಟ್ಟರೆ ಅದು ಮಾಯ ಆಗಿ ಇನ್ನೊಂದು ಬರುತ್ತದೆ. ಗೃಹ ರಕ್ಷಾದಲ್ಲಿ ಮನೆಯ ಸಾಮಾನ್ಯ ವಸ್ತುಗಳಿಗೆ ಕಟ್ಟಡದ ವಿಮಾ ಮೊತ್ತದ ಶೇಕಡಾ 20ರಷ್ಟು, ಗರಿಷ್ಠ 10 ಲಕ್ಷದವರೆಗೆ, ಪಟ್ಟಿ ಕೊಡದಿದ್ದರೂ ತಾನಾಗಿಯೇ ರಕ್ಷಣೆ ಇರುತ್ತದೆ. ಹಾಗಾಗಿಯೇ ನಿಮ್ಮ ಅರ್ಜಿ ಫಾರಂ ನಮ್ಮನ್ನು ಪಟ್ಟಿ ಕೇಳಲಿಲ್ಲ. ಒಡವೆ, ಬೆಳ್ಳಿ ಇದ್ದರೆ ಬರೆಯಿರಿ ಅಂದಿತ್ತು. ಸೈಕಲ್ ಅನ್ನುವ ಪದವೇ ಅದರಲ್ಲಿರಲಿಲ್ಲ. ಕೇಳದೇ ಇದ್ದದ್ದನ್ನು ಹೇಳಲಿಲ್ಲ ಅಂತ ಈಗ ತಪ್ಪು ಹೊರಿಸುವುದು ಯಾವ ನ್ಯಾಯ?

ನಮ್ಮ ಮಾವನವರ ಹಳೆಯ ಕಾಗದಗಳಲ್ಲಿ ಒಂದು ಗೃಹಸ್ಥರ ಪಾಲಿಸಿ ಸಿಕ್ಕಿತು. ಸರ್ಕಾರಿ ವಿಮಾ ಕಂಪನಿಗಳು ಮಾರುತ್ತಿದ್ದ ಮಾದರಿ. ಅದರಲ್ಲಿ ವಿಭಾಗ ವಿಭಾಗವಾಗಿ ಇದೆ. ಬೆಂಕಿಗೆ ಒಂದು, ಬರ್ಗ್ಲರಿಗೆ ಒಂದು, ಒಡವೆಗೆ ಒಂದು, ಗಾಜಿಗೆ, ಟಿವಿಗೆ, ಪ್ರಯಾಣದ ಲಗೇಜಿಗೆ. ನಡುವೆ ಸೈಕಲ್ಲಿಗೂ ಒಂದು ಸ್ವಂತ ವಿಭಾಗ! ಬೇಕಿದ್ದರೆ ಟಿಕ್ ಮಾಡಿ ಸೈಕಲ್ಲಿನ ಬೆಲೆ ಬರೆದು ಸ್ವಲ್ಪ ಪ್ರೀಮಿಯಂ ಕಟ್ಟಿದರೆ ಆಯಿತು. ಷರತ್ತುಗಳು ಅದರಲ್ಲೂ ಇದ್ದವು. ಬರೀ ಬೆಲ್ಲೋ ಲೈಟೋ ಕಳುವಾದರೆ ಕೊಡುವುದಿಲ್ಲ, ಸೈಕಲ್ ಜೊತೆಗೆ ಹೋದರೆ ಮಾತ್ರ. ಇರಲಿ, ಅದು ಓದಿದರೆ ಗೊತ್ತಾಗುತ್ತದೆ. ಸೈಕಲ್ ಸಿಗುತ್ತದೋ ಇಲ್ಲವೋ ಅನ್ನುವುದು ಹಣ ಕಟ್ಟುವ ಮೊದಲೇ ಗೊತ್ತಿರುತ್ತಿತ್ತು. ಸೈಕಲ್ಲಿಗೆ ಎರಡು ಮೂರು ಸಾವಿರ ಇದ್ದ ಕಾಲದಲ್ಲೇ ಇಷ್ಟು ಮರ್ಯಾದೆ ಇತ್ತು ಅಂದರೆ, ಒಂದೊಂದು ಸೈಕಲ್ ಹಳೆಯ ಸ್ಕೂಟರಿನ ಬೆಲೆಗೆ ಬಂದಿರುವ ಈಗ ಇನ್ನೂ ಜಾಸ್ತಿ ಇರಬೇಕಿತ್ತು.

ಇದನ್ನು ಸಣ್ಣ ವಿಷಯ ಅಂತ ನೋಡಬೇಡಿ. ಮೈಸೂರು ಸೈಕಲ್ ತುಳಿಯುವ ಊರು. 2017ರಲ್ಲಿ ಇಲ್ಲಿ 450 ಸೈಕಲ್ ಇಟ್ಟು ಟ್ರಿಣ್ ಟ್ರಿಣ್ ಅನ್ನುವ ಸಾರ್ವಜನಿಕ ಬಾಡಿಗೆ ಸೈಕಲ್ ಯೋಜನೆ ಶುರು ಮಾಡಿದರು, ಸೈಕಲ್ ಹತ್ತಿ ಅಂತ ಜನರಿಗೆ ಹೇಳಿದರು. ಭಾನುವಾರ ಬೆಳಗ್ಗೆ ಚಾಮುಂಡಿ ಬೆಟ್ಟದ ರಸ್ತೆಗೆ ಹೋಗಿ ನೋಡಿ, ಏದುಸಿರು ಬಿಡುತ್ತಾ ಹತ್ತುವವರಲ್ಲಿ ಕಾಲೇಜು ಹುಡುಗರಿಂದ ನಿವೃತ್ತ ಮೇಷ್ಟ್ರವರೆಗೂ ಇರುತ್ತಾರೆ. ಮಾನಸಗಂಗೋತ್ರಿ ಕ್ಯಾಂಪಸ್ ಕಡೆಗೆ, ಸರಸ್ವತಿಪುರಂ ಟ್ಯೂಷನ್‌ಗಳಿಗೆ ಹೋಗುವ ಮಕ್ಕಳು ಬೇರೆ. ಪೇಪರ್ ಹಾಕುವವರು, ಹಾಲು ಕೊಡುವವರು, ಹೂವು ಮಾರುವವರು ಇದ್ದಾರೆ. ಅವರಿಗೆ ಗೃಹ ವಿಮೆ ಇರುವುದಿಲ್ಲ, ಆ ಮಾತು ಬೇರೆ. ಈ ಊರಿನ ಯಾವ ಮನೆಯಲ್ಲೂ ಸೈಕಲನ್ನು ರಾತ್ರಿ ಹಾಲಿಗೆ ತಂದು ಸೋಫಾ ಪಕ್ಕ ನಿಲ್ಲಿಸುವುದಿಲ್ಲ. ಪೋರ್ಟಿಕೊದಲ್ಲಿ, ಮೆಟ್ಟಿಲ ಕೆಳಗೆ, ಸಂದಿಯಲ್ಲಿ ನಿಲ್ಲುತ್ತದೆ. ಮುಂಬಾಗಿಲು ಒಡೆದು ಸೈಕಲ್ ಕದಿಯುವ ಕಳ್ಳನನ್ನು ನಾನಂತೂ ಕೇಳಿಲ್ಲ. ಬಾಗಿಲು ಒಡೆಯುವವನಿಗೆ ಬೀರು ಇರುತ್ತದೆ, ಸೈಕಲ್ ಯಾಕೆ ಬೇಕು? ನಿಮ್ಮ ಷರತ್ತನ್ನು ನೀವು ಓದುವ ಹಾಗೇ ಓದಿದರೆ, ನಡೆಯದೇ ಇರುವ ಕಳ್ಳತನಕ್ಕೆ ಮಾತ್ರ ರಕ್ಷಣೆ, ದಿನಾ ನಡೆಯುವುದಕ್ಕೆ ಇಲ್ಲ.

ನನ್ನ ಕೋರಿಕೆಗಳಿಗೆ ಬರುತ್ತೇನೆ. ಮೊದಲನೆಯದು ನಮ್ಮ ಕ್ಲೇಮನ್ನು ಮತ್ತೆ ತೆರೆಯಿರಿ. ಎಫ್‌ಐಆರ್, ಬಿಲ್ಲು, ಸಿಸಿಟಿವಿ ತುಣುಕು, ಕಾಂಪೌಂಡಿನ ಫೋಟೊ ಎಲ್ಲ ನಿಮ್ಮ ಹತ್ತಿರ ಇವೆ. ಕತ್ತರಿಸಿದ ಕೇಬಲ್ ನನ್ನ ಹತ್ತಿರ ಇದೆ, ಯಾವಾಗ ಬೇಕಾದರೂ ಬಂದು ನೋಡಬಹುದು. ಆಮೇಲೂ ಇಲ್ಲ ಅನ್ನುವುದಾದರೆ ಎಲ್ಲ ಕಾರಣಗಳನ್ನೂ ಒಂದೇ ಪತ್ರದಲ್ಲಿ, ಪಾಲಿಸಿಯ ಯಾವ ಪುಟ, ಯಾವ ಷರತ್ತು ಅಂತ ನಂಬರ್ ಸಮೇತ ಬರೆದು ಕೊಡಿ. ಕಾಗದ ಪತ್ರ ಇಲ್ಲ ಅನ್ನುವ ಕಾರಣಕ್ಕೆ ಕ್ಲೇಮ್ ತಿರಸ್ಕರಿಸಬಾರದು, ಕ್ಲೇಮಿಗೆ ನೇರವಾಗಿ ಬೇಕಾದ ದಾಖಲೆಗಳನ್ನು ಮಾತ್ರ ಕೇಳಬೇಕು ಅಂತ ಐಆರ್‌ಡಿಎಐ 2024ರ ಜೂನ್‌ನಲ್ಲಿ ಹೊರಡಿಸಿದ ಸುತ್ತೋಲೆಯಲ್ಲೇ ಇದೆ. ಅದು ನಮಗಿಂತ ನಿಮಗೆ ಚೆನ್ನಾಗಿ ಗೊತ್ತು.

ಎರಡನೆಯದು ನಮ್ಮೊಬ್ಬರಿಗೆ ಅಲ್ಲ, ಎಲ್ಲ ಗ್ರಾಹಕರಿಗೆ. ಬರ್ಗ್ಲರಿ ರಕ್ಷಣೆ ಮಾರುವಾಗ ಹಣ ಕಟ್ಟಿಸಿಕೊಳ್ಳುವ ಮೊದಲು ಒಂದೇ ಪುಟದಲ್ಲಿ, ಕನ್ನಡದಲ್ಲಿ, ದೊಡ್ಡ ಅಕ್ಷರದಲ್ಲಿ ಹೇಳಿ: ಯಾವ ಜಾಗದಲ್ಲಿಟ್ಟ ವಸ್ತುವಿಗೆ ರಕ್ಷಣೆ ಇದೆ, ಯಾವುದಕ್ಕೆ ಇಲ್ಲ. ಪೋರ್ಟಿಕೊ ಸೇರುತ್ತದಾ? ಮೆಟ್ಟಿಲ ಕೆಳಗೆ? ಟೆರೇಸು? ಬಾಗಿಲು ಒಡೆಯದೆ ಆದ ಕಳ್ಳತನ? ಕೆಲಸದವರು ಬಂದು ಹೋಗುವಾಗ ಹೋದ ವಸ್ತು? ಪಾಲಿಸಿಯ ಜೊತೆ ಗ್ರಾಹಕರ ಮಾಹಿತಿ ಹಾಳೆ ಕೊಡಬೇಕು ಅನ್ನುವ ನಿಯಮ ಹೇಗೂ ಇದೆ. ನಮಗೆ ಬಂದ ಹಾಳೆಯಲ್ಲಿ ಈ ಯಾವ ಪ್ರಶ್ನೆಗೂ ಉತ್ತರ ಇಲ್ಲ, ಅದೂ ಇಂಗ್ಲಿಷಿನಲ್ಲಿದೆ. ಜಾಹೀರಾತನ್ನು ಕನ್ನಡದಲ್ಲಿ ಕೊಡಲು ಬರುವ ನಿಮಗೆ ಷರತ್ತನ್ನೂ ಕನ್ನಡದಲ್ಲಿ ಕೊಡಲು ಬಂದೇ ಬರುತ್ತದೆ.

ಹಾಗೆಯೇ ಅರ್ಜಿ ಫಾರಂನಲ್ಲಿ ಒಂದು ಸಾಲು ಸೇರಿಸಿ. ಮನೆಯಲ್ಲಿ ಸೈಕಲ್ ಇದೆಯೇ, ಬೆಲೆ ಎಷ್ಟು, ರಾತ್ರಿ ಎಲ್ಲಿ ನಿಲ್ಲಿಸುತ್ತೀರಿ? ಬೇಕಾದರೆ ಅದಕ್ಕೆ ಬೇರೆ ಪ್ರೀಮಿಯಂ ಹಾಕಿ. ಕಟ್ಟುವವರು ಕಟ್ಟುತ್ತಾರೆ, ಬೇಡದವರು ಬಿಡುತ್ತಾರೆ. ಒಂದೊಳ್ಳೆಯ ಬೀಗ ಹಾಕಬೇಕು ಅನ್ನುವ ಷರತ್ತು ಇಟ್ಟರೂ ತಕರಾರಿಲ್ಲ. ಹೇಳಿದರೆ ಜನ ಮಾಡುತ್ತಾರೆ.

ಠಾಣೆಗಳಲ್ಲಿ ಕೂರುವವರಿಗೂ ಒಂದು ವಿನಂತಿ. ಸೈಕಲ್ ಕಳುವಾಯಿತು ಅಂತ ಬಂದವರನ್ನು ಇ-ಲಾಸ್ಟ್ ಕಡೆಗೆ ಕಳಿಸಬೇಡಿ. ನಿಮಗೆ ಒಂದು ಕೇಸು ಕಡಿಮೆ ಆಗಬಹುದು, ಅವರಿಗೆ ವಿಮೆಯ ಬಾಗಿಲೇ ಮುಚ್ಚುತ್ತದೆ. ಎಲ್ಲೋ ಕದ್ದ ಸೈಕಲ್‌ಗಳು ಒಟ್ಟಿಗೆ ಸಿಕ್ಕಿಬಿದ್ದಾಗಲೂ ದೂರು ದಾಖಲಾಗಿಲ್ಲದಿದ್ದರೆ ಯಾವುದು ಯಾರದ್ದು ಅಂತ ಹೇಗೆ ಗೊತ್ತಾಗಬೇಕು? ತನಿಖೆ ಎಲ್ಲಿಗೆ ಬಂತು ಅಂತ 90 ದಿನದೊಳಗೆ ದೂರುದಾರರಿಗೆ ತಿಳಿಸಬೇಕು ಅಂತ ಹೊಸ ಸಂಹಿತೆಯಲ್ಲಿದೆ. ಪತ್ತೆ ಆಗದಿದ್ದರೆ, ಪತ್ತೆಯಾಗಲಿಲ್ಲ ಅಂತ ಬರೆದುಕೊಡುವ ಸಿ ರಿಪೋರ್ಟ್ ಆದರೂ ಬೇಗ ಕೊಡಿ. ವಿಮಾ ಕಂಪನಿ ಮುಂದಿನ ಸಲ ಅದನ್ನೇ ಕೇಳುತ್ತದೆ.

ಮಾನ್ಯರೇ, ನಿಮ್ಮ ಕುಂದುಕೊರತೆ ವಿಭಾಗಕ್ಕೆ ಲಿಖಿತ ದೂರು ಕೊಟ್ಟಿದ್ದೇನೆ, ಐಆರ್‌ಡಿಎಐಯ ಬಿಮಾ ಭರೋಸಾ ಅನ್ನುವ ದೂರಿನ ಪೋರ್ಟಲಿನಲ್ಲೂ ದಾಖಲಿಸಿದ್ದೇನೆ. ದೂರು ಕೊಟ್ಟು ಒಂದು ತಿಂಗಳಾದರೂ ಉತ್ತರ ಬರದಿದ್ದರೆ, ಅಥವಾ ಬಂದ ಉತ್ತರ ಒಪ್ಪಿಗೆ ಆಗದಿದ್ದರೆ, ವಿಮೆಯ ದೂರುಗಳನ್ನು ಇತ್ಯರ್ಥ ಮಾಡುವ, ಬೆಂಗಳೂರಿನಲ್ಲಿರುವ ವಿಮಾ ಓಂಬುಡ್ಸ್‌ಮನ್ ಅವರ ಬಳಿ ಹೋಗಬಹುದು. ಅಲ್ಲಿ ಶುಲ್ಕ ಇಲ್ಲ, ವಕೀಲರೂ ಬೇಡ. ಗ್ರಾಹಕರ ಆಯೋಗ ಮೈಸೂರಿನಲ್ಲೇ ಇದೆ, 5 ಲಕ್ಷದವರೆಗಿನ ದೂರಿಗೆ ಅಲ್ಲೂ ಶುಲ್ಕ ಇಲ್ಲ. 28,500 ರೂಪಾಯಿಗೆ ಇವರು ಅಲ್ಲಿತನಕ ಹೋಗುತ್ತಾರಾ ಅಂತ ನಿಮಗೆ ಅನಿಸಿರಬಹುದು. ಹೋಗುತ್ತೇವೆ. ಕಾಗದಗಳನ್ನು ಜೋಡಿಸಿ ಇಟ್ಟಾಗಿದೆ. ಅದರಲ್ಲಿ ಸರ್ವೇಯರ್ ವರದಿಯ ಪ್ರತಿ ಒಂದೇ ಬಾಕಿ. ಬರವಣಿಗೆಯಲ್ಲಿ ಕೇಳಿದ್ದೇನೆ, ದಯವಿಟ್ಟು ಅದನ್ನು ಕೂಡಲೇ ಕಳಿಸಿ. ಕೇಬಲ್ಲಿನ ಫೋಟೊ ಅದರಲ್ಲಿ ಇದೆಯೋ ಇಲ್ಲವೋ ಅಂತ ನೋಡಬೇಕು.

ವಂದನೆಗಳೊಂದಿಗೆ,

ನಿಮ್ಮ ಪಾಲಿಸಿದಾರಳು,
ಕುವೆಂಪುನಗರ, ಮೈಸೂರು